ಡಾಂಬರು ರಸ್ತೆಯ ಗುಟ್ಟು ಮತ್ತು ವಿಜ್ಞಾನಿ ಮ್ಯಾಕ್ಸ್‌ವೆಲ್

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಹೆಸರು ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪಿ.ಯು.ಸಿ.ಯ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಠ ಬಂದಾಗ ಈ ಹೆಸರು ಬಂದೇ ಬರುತ್ತದೆ. ರೇಡಿಯೋ, ದೂರದರ್ಶನ, ಮೊಬೈಲ್ ಫೋನ್ ಇವೆಲ್ಲವುಗಳ ಬೇರು ಅವರ ಸಮೀಕರಣಗಳಲ್ಲಿದೆ ಎಂದು ಅಧ್ಯಾಪಕರು ಹೇಳುತ್ತಾರೆ. ಆದರೆ ನಾವು ದಿನವೂ ಓಡಾಡುವ ಡಾಂಬರು ರಸ್ತೆಗೂ ಈ ಮಹಾನುಭಾವರಿಗೂ ನಂಟಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಬೇಸಿಗೆಯಲ್ಲಿ ಡಾಂಬರು ರಸ್ತೆಯನ್ನು ಗಮನಿಸಿ ನೋಡಿ. ಲಾರಿ, ಬಸ್ಸುಗಳ ಗಾಲಿ ಉರುಳುವ ಎರಡು ಸಾಲುಗಳಲ್ಲಿ ರಸ್ತೆ ತಗ್ಗಾಗಿರುತ್ತದೆ. ಬಸ್ ನಿಲ್ದಾಣದ ಮುಂದೆ, ಸಿಗ್ನಲ್ ಬಳಿ, ಘಾಟಿಯ ಏರಿನಲ್ಲಿ ಈ ತಗ್ಗು ಇನ್ನೂ ಆಳ. ಅದೇ ರಸ್ತೆಯ ನೇರವಾದ ಭಾಗದಲ್ಲಿ, ವಾಹನಗಳು ವೇಗವಾಗಿ ಸಾಗುವಲ್ಲಿ, ಅಷ್ಟು ತಗ್ಗಿರುವುದಿಲ್ಲ. ಡಾಂಬರು ಒಂದೇ, ಜಲ್ಲಿ ಒಂದೇ, ಹಾಕಿದ ದಿನವೂ ಒಂದೇ. ಹಾಗಾದರೆ ಈ ವ್ಯತ್ಯಾಸ ಏಕೆ? ಇದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಮಳೆಗಾಲದಲ್ಲಿ ಆ ತಗ್ಗುಗಳಲ್ಲಿ ನೀರು ನಿಂತು ದ್ವಿಚಕ್ರ ವಾಹನಗಳು ಜಾರುತ್ತವೆ, ಜೀವಹಾನಿಯಾಗುತ್ತದೆ, ಸಾರ್ವಜನಿಕರ ತೆರಿಗೆಯ ಹಣ ಮತ್ತೆ ಮತ್ತೆ ಅದೇ ರಸ್ತೆಗೆ ಸುರಿಯುತ್ತದೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಾವು 19ನೇ ಶತಮಾನದ ಸ್ಕಾಟ್ಲೆಂಡಿನ ಈ ವಿಜ್ಞಾನಿಯ ಬದುಕಿನೊಳಗೆ ಹೋಗಬೇಕಾಗುತ್ತದೆ.

ಬಾಲ್ಯ

ಮ್ಯಾಕ್ಸ್‌ವೆಲ್ ಜನಿಸಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವರು ಹುಟ್ಟಿದ ಮನೆ ಇದ್ದ ಬೀದಿಯ ಹೆಸರು ಇಂಡಿಯಾ ಸ್ಟ್ರೀಟ್. ತಂದೆ ಜಾನ್ ಕ್ಲರ್ಕ್ ಮ್ಯಾಕ್ಸ್‌ವೆಲ್ ವಕೀಲರು, ಯಂತ್ರಗಳ ಬಗ್ಗೆ ಬಹಳ ಆಸಕ್ತಿ ಇದ್ದವರು. ತಾಯಿ ಫ್ರಾನ್ಸಿಸ್ ಕೇ. ಕುಟುಂಬಕ್ಕೆ ಗ್ಲೆನ್‌ಲೇರ್ ಎಂಬಲ್ಲಿ ಜಮೀನು ಮತ್ತು ಮನೆ ಇತ್ತು. ಬಾಲಕ ಜೇಮ್ಸ್ ಬೆಳೆದದ್ದು ಆ ಹಳ್ಳಿಯ ಪರಿಸರದಲ್ಲಿ, ಹೊಳೆ, ಹೊಲ, ಕುದುರೆ, ಕಪ್ಪೆಗಳ ನಡುವೆ. ಬೀಗ ಹೇಗೆ ತೆರೆಯುತ್ತದೆ, ಕರೆಗಂಟೆಯ ತಂತಿ ಗೋಡೆಯೊಳಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕೇಳಿ ಮನೆಯವರನ್ನು ಸುಸ್ತು ಮಾಡುತ್ತಿದ್ದ ಹುಡುಗನಾತ.

ತಾಯಿಯೇ ಮೊದಲ ಗುರು. ಆದರೆ ಜೇಮ್ಸ್‌ಗೆ ಎಂಟು ವರ್ಷವಾಗಿದ್ದಾಗ, 1839ರಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ ತಾಯಿ ತೀರಿಕೊಂಡರು. ಪಾಠ ಹೇಳಲು ನೇಮಿಸಿದ ಯುವಕ ಬಹಳ ಒರಟ, ಹೊಡೆದು ಬಡಿದು ಕಲಿಸುವವನು. ಹುಡುಗ ಮಂದಬುದ್ಧಿಯವನು ಎಂಬುದೇ ಅವನ ಅಭಿಪ್ರಾಯ. ಕೊನೆಗೆ ಚಿಕ್ಕಮ್ಮನಿಗೆ ವಿಷಯ ತಿಳಿದು, 1841ರಲ್ಲಿ ಜೇಮ್ಸ್‌ನನ್ನು ಎಡಿನ್‌ಬರೋ ಅಕಾಡೆಮಿ ಎಂಬ ಶಾಲೆಗೆ ಸೇರಿಸಲಾಯಿತು. ತಂದೆ ತಾವೇ ವಿನ್ಯಾಸ ಮಾಡಿಸಿದ ವಿಚಿತ್ರ ಬೂಟು, ಹಳ್ಳಿಯ ಅಂಗಿ, ಹಳ್ಳಿಯ ಉಚ್ಚಾರಣೆ ಇವನ್ನು ಕಂಡು ಪಟ್ಟಣದ ಹುಡುಗರು ಮೊದಲ ದಿನವೇ ಅಂಗಿ ಹರಿಯುವಷ್ಟು ಕಾಡಿದರು. ಪೆದ್ದ ಎಂಬ ಅರ್ಥದ ಅಡ್ಡಹೆಸರನ್ನೂ ಇಟ್ಟರು. ಅದು ಹಲವು ವರ್ಷ ಅಂಟಿಕೊಂಡಿತ್ತು. ಹುಡುಗ ಯಾರ ಮೇಲೂ ದ್ವೇಷ ಸಾಧಿಸಲಿಲ್ಲ, ತನ್ನ ಪಾಡಿಗೆ ಓದುತ್ತಾ ಹೋದ.

ಅಡ್ಡಹೆಸರಿಗೆ ಉತ್ತರ ಬೇರೆ ರೀತಿಯಲ್ಲಿ ಬಂತು. 14ನೇ ವಯಸ್ಸಿನಲ್ಲಿ ಜೇಮ್ಸ್ ಗುಂಡುಸೂಜಿ ಮತ್ತು ದಾರ ಬಳಸಿ ಮೊಟ್ಟೆಯಾಕಾರದ ರೇಖೆಗಳನ್ನು ಎಳೆಯುವ ಹೊಸ ಕ್ರಮವನ್ನು ಕಂಡುಕೊಂಡ. ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಅವರು 1846ರಲ್ಲಿ ಆ ಪ್ರಬಂಧವನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಮಂಡಿಸಿದರು. ಹುಡುಗ ತಾನೇ ಓದಲು ಇನ್ನೂ ತೀರಾ ಚಿಕ್ಕವನಾಗಿದ್ದ.

ಒತ್ತಿದಾಗ ವಸ್ತುವಿನೊಳಗೆ ಏನಾಗುತ್ತದೆ?

ಮ್ಯಾಕ್ಸ್‌ವೆಲ್ಲರ ಬದುಕಿನಲ್ಲಿ ನಮ್ಮ ರಸ್ತೆಯ ಕಥೆಯ ಎಳೆ ಶುರುವಾಗುವುದು 1847ರಲ್ಲಿ. ಆ ವರ್ಷ ಅವರ ಸೋದರಮಾವ ಅವರನ್ನು ವಿಲಿಯಂ ನಿಕೋಲ್ ಎಂಬ ವಿಜ್ಞಾನಿಯ ಬಳಿಗೆ ಕರೆದೊಯ್ದರು. ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವ ಪಟ್ಟಕವನ್ನು ತಯಾರಿಸಿದವರು ನಿಕೋಲ್. ಇದನ್ನು ಧ್ರುವೀಕೃತ ಬೆಳಕು ಎನ್ನುತ್ತೇವೆ. ಈ ಬೆಳಕಿನಲ್ಲಿ ಗಾಜನ್ನು ನೋಡಿದರೆ, ಗಾಜಿನೊಳಗೆ ಬಿಗಿತ ಇರುವ ಕಡೆಗಳಲ್ಲಿ ಬಣ್ಣದ ಪಟ್ಟೆಗಳು ಕಾಣುತ್ತವೆ. ಹುಡುಗ ಇದಕ್ಕೆ ಮರುಳಾದ. ಮನೆಗೆ ಬಂದು ಕಿಟಕಿಯ ಗಾಜನ್ನು ತ್ರಿಕೋನ, ಚೌಕಗಳಾಗಿ ಕತ್ತರಿಸಿ, ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ, ಅದರೊಳಗೆ ಮೂಡಿದ ಬಣ್ಣಗಳ ಚಿತ್ರ ಬರೆದು ನಿಕೋಲ್ ಅವರಿಗೆ ಕಳುಹಿಸಿದ. ಮೆಚ್ಚಿದ ನಿಕೋಲ್ ತಾವೇ ತಯಾರಿಸಿದ ಎರಡು ಪಟ್ಟಕಗಳನ್ನು ಉಡುಗೊರೆಯಾಗಿ ಕೊಟ್ಟರು.

ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮ್ಯಾಕ್ಸ್‌ವೆಲ್ ರಜೆಯಲ್ಲಿ ಗ್ಲೆನ್‌ಲೇರ್‌ನ ಬಟ್ಟೆ ಒಗೆಯುವ ಕೋಣೆಯ ಮೇಲಿನ ಅಟ್ಟದಲ್ಲಿ ಹಳೆಯ ಬಾಗಿಲನ್ನು ಮೇಜಾಗಿ ಮಾಡಿಕೊಂಡು ಪ್ರಯೋಗಗಳನ್ನು ನಡೆಸಿದರು. ಪಾರದರ್ಶಕ ಜೆಲ್ಲಿಯನ್ನು ಉಂಗುರದ ಆಕಾರದಲ್ಲಿ ಹೆಪ್ಪುಗಟ್ಟಿಸಿ, ಅದನ್ನು ತಿರುಚಿ, ಒಳಗಿನ ಬಿಗಿತ ಹೇಗೆ ಹಂಚಿಹೋಗುತ್ತದೆ ಎಂದು ಬಣ್ಣಗಳಲ್ಲಿ ಕಣ್ಣಾರೆ ಕಂಡರು. ಗಣಿತದಿಂದ ತಾವು ಲೆಕ್ಕ ಹಾಕಿದ್ದು ಸರಿಯೇ ಎಂದು ಹೀಗೆ ಪರೀಕ್ಷಿಸಿದರು. ಇದೆಲ್ಲವೂ 1850ರಲ್ಲಿ ಸ್ಥಿತಿಸ್ಥಾಪಕ ಘನವಸ್ತುಗಳ ಸಮತೋಲನದ ಕುರಿತ ಪ್ರಬಂಧವಾಗಿ ರಾಯಲ್ ಸೊಸೈಟಿಯ ಮುಂದೆ ಬಂತು. ಆಗ ಅವರಿಗೆ ಕೇವಲ 18 ವರ್ಷ.

ಸ್ಥಿತಿಸ್ಥಾಪಕತ್ವ ಎಂದರೆ ಒತ್ತಿದಾಗ ರೂಪ ಬದಲಾಗಿ, ಬಿಟ್ಟಾಗ ಮೊದಲಿನ ರೂಪಕ್ಕೆ ಮರಳುವ ಗುಣ. ಸ್ಪ್ರಿಂಗ್, ರಬ್ಬರ್, ಉಕ್ಕಿನ ಪಟ್ಟಿ ಇದಕ್ಕೆ ಉದಾಹರಣೆ. ರಸ್ತೆಯ ವಿಚಾರದಲ್ಲಿ ಇದು ಅರ್ಧ ಕಥೆ ಮಾತ್ರ. ಉಳಿದರ್ಧ ಸಿಗಲು ಮ್ಯಾಕ್ಸ್‌ವೆಲ್ ಇನ್ನೂ ಹದಿನೈದಕ್ಕೂ ಹೆಚ್ಚು ವರ್ಷ ದುಡಿಯಬೇಕಾಯಿತು.

ಏಳುಬೀಳುಗಳ ದಾರಿ

1850ರಲ್ಲಿ ಅವರು ಕೇಂಬ್ರಿಜ್‌ಗೆ ಹೋದರು. 1854ರ ಗಣಿತದ ಅಂತಿಮ ಪರೀಕ್ಷೆಯಲ್ಲಿ ಎರಡನೆಯವರಾಗಿ ತೇರ್ಗಡೆಯಾದರು. ಮೊದಲನೆಯ ಸ್ಥಾನ ಎಡ್ವರ್ಡ್ ರೌತ್ ಅವರ ಪಾಲಾಯಿತು. ಆದರೆ ಆ ಬಳಿಕ ನಡೆದ ಸ್ಮಿತ್ ಬಹುಮಾನದ ಸ್ಪರ್ಧೆಯಲ್ಲಿ ಇಬ್ಬರೂ ಸಮಾನರೆಂದು ತೀರ್ಮಾನವಾಯಿತು. ಪರೀಕ್ಷೆಯಲ್ಲಿ ಒಂದು ಸ್ಥಾನ ಹಿಂದೆ ಬಿದ್ದರೆ ಬದುಕೇ ಮುಗಿಯಿತೆಂದು ಕುಗ್ಗುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

1856ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ, 25ನೇ ವಯಸ್ಸಿನಲ್ಲಿ, ಅಬರ್ಡೀನ್ ನಗರದ ಮಾರಿಶಲ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ ದೊರೆಯಿತು. ಅಲ್ಲಿ ಶನಿಗ್ರಹದ ಬಳೆಗಳ ಬಗ್ಗೆ ಸಂಶೋಧನೆ ಮಾಡಿ, ಅವು ಗಟ್ಟಿಯಾದ ತಟ್ಟೆಗಳಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಕಣಗಳ ಗುಂಪು ಎಂದು ಗಣಿತದಿಂದ ತೋರಿಸಿ ಆಡಮ್ಸ್ ಬಹುಮಾನ ಪಡೆದರು. 1858ರಲ್ಲಿ ಕ್ಯಾಥರೀನ್ ಮೇರಿ ಡ್ಯೂವರ್ ಅವರನ್ನು ಮದುವೆಯಾದರು. ಕ್ಯಾಥರೀನ್ ಆ ಕಾಲೇಜಿನ ಪ್ರಾಂಶುಪಾಲರ ಮಗಳು. ಆದರೂ 1860ರಲ್ಲಿ ಊರಿನ ಎರಡು ಕಾಲೇಜುಗಳು ಒಂದಾದಾಗ ಒಂದು ವಿಷಯಕ್ಕೆ ಒಬ್ಬರೇ ಪ್ರೊಫೆಸರ್ ಸಾಕೆಂದು ತೀರ್ಮಾನವಾಗಿ, ಕೆಲಸ ಕಳೆದುಕೊಂಡವರು ಮ್ಯಾಕ್ಸ್‌ವೆಲ್! ಎಡಿನ್‌ಬರೋದಲ್ಲಿ ಖಾಲಿಯಿದ್ದ ಹುದ್ದೆಗೆ ಅರ್ಜಿ ಹಾಕಿದರು. ಅದು ಬಾಲ್ಯದ ಗೆಳೆಯ ಪೀಟರ್ ಟೇಟ್ ಅವರಿಗೆ ಹೋಯಿತು. ಗೆಳೆತನ ಮಾತ್ರ ಕೊನೆಯವರೆಗೂ ಉಳಿಯಿತು. ಅದೇ ವರ್ಷ ಸಿಡುಬು ರೋಗ ಬಂದು ಸಾವಿನ ಅಂಚಿಗೆ ಹೋಗಿ ಬಂದರು. ಕ್ಯಾಥರೀನ್ ಅವರ ಆರೈಕೆಯೇ ತನ್ನನ್ನು ಉಳಿಸಿತು ಎಂದು ಅವರು ನಂಬಿದ್ದರು. ಚೇತರಿಸಿಕೊಂಡ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು.

ಅಟ್ಟದ ಮೇಲಿನ ಪ್ರಯೋಗ

ಲಂಡನ್ನಿನ ಆ ಐದು ವರ್ಷಗಳು ಅವರ ಬದುಕಿನ ಅತ್ಯಂತ ಫಲವತ್ತಾದ ಕಾಲ. ಬಣ್ಣದ ಛಾಯಾಚಿತ್ರದ ತತ್ವವನ್ನು 1861ರಲ್ಲಿ ತೋರಿಸಿಕೊಟ್ಟದ್ದು, ವಿದ್ಯುತ್ತು, ಕಾಂತ ಮತ್ತು ಬೆಳಕು ಇವು ಒಂದೇ ಕುಟುಂಬಕ್ಕೆ ಸೇರಿದವು ಎಂದು ಸಾಧಿಸಿದ್ದು ಇದೇ ಅವಧಿಯಲ್ಲಿ. ಜೊತೆಗೆ ಅವರು ಇನ್ನೊಂದು ಪ್ರಶ್ನೆಯನ್ನೂ ಹಿಡಿದಿದ್ದರು. ಅದು ಸ್ನಿಗ್ಧತೆಯ ಪ್ರಶ್ನೆ. ಜೇನುತುಪ್ಪ ನಿಧಾನವಾಗಿ ಹರಿಯುತ್ತದೆ, ನೀರು ಬೇಗ ಹರಿಯುತ್ತದೆ. ಹರಿಯುವ ವಸ್ತುವಿನ ಪದರಗಳು ಒಂದನ್ನೊಂದು ಎಷ್ಟು ತಡೆಯುತ್ತವೆ ಎಂಬುದೇ ಸ್ನಿಗ್ಧತೆ. ಗಾಳಿಗೂ ಈ ಗುಣವಿದೆ. ಅದು ಒತ್ತಡದೊಂದಿಗೆ, ಉಷ್ಣತೆಯೊಂದಿಗೆ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ಅವರ ಗುರಿ.

ಪ್ರಯೋಗಶಾಲೆ ಎಲ್ಲಿ? ಮನೆಯ ಅಟ್ಟವೇ ಪ್ರಯೋಗಶಾಲೆ. ಮುಚ್ಚಿದ ಪಾತ್ರೆಯೊಳಗೆ ಗಾಜಿನ ಬಿಲ್ಲೆಗಳನ್ನು ಉಕ್ಕಿನ ತಂತಿಯಿಂದ ತೂಗುಹಾಕಿ, ಅವು ಅತ್ತಿತ್ತ ತಿರುಗುತ್ತಾ ಎಷ್ಟು ಬೇಗ ನಿಲ್ಲುತ್ತವೆ ಎಂದು ದಿನಗಟ್ಟಲೆ ಅಳೆದರು. ಉಷ್ಣತೆಯ ಪರಿಣಾಮ ತಿಳಿಯಬೇಕಾದರೆ ಕೋಣೆಯ ಉಷ್ಣತೆ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಅದಕ್ಕಾಗಿ ಸೆಕೆಗಾಲದಲ್ಲೂ ಒಲೆಯನ್ನು ಉರಿಸಿ, ಕೆಟ್ಲಿಗಳಲ್ಲಿ ನೀರು ಕುದಿಸಿ ಹಬೆ ತುಂಬಿಸಬೇಕಿತ್ತು. ಒಲೆಗೆ ಇದ್ದಿಲು ಹಾಕುತ್ತಾ ಉಷ್ಣತೆಯನ್ನು ಕಾಯ್ದವರು ಪತ್ನಿ ಕ್ಯಾಥರೀನ್. ಆಮೇಲೆ ಅದೇ ಕೋಣೆಗೆ ಮಂಜುಗಡ್ಡೆ ತಂದು ತಣ್ಣಗಾಗಿಸಿ ಮತ್ತೆ ಅಳೆದರು. ವಿಜ್ಞಾನದ ಇತಿಹಾಸದಲ್ಲಿ ಈ ಮಹಿಳೆಯ ಹೆಸರು ಇನ್ನಷ್ಟು ದೊಡ್ಡದಾಗಿ ಕಾಣಿಸಬೇಕಿತ್ತು.

ಫಲಿತಾಂಶಗಳು 1866ರಲ್ಲಿ ಪ್ರಕಟವಾದವು. ಒತ್ತಡ ಬದಲಾದರೂ ಗಾಳಿಯ ಸ್ನಿಗ್ಧತೆ ಬದಲಾಗುವುದಿಲ್ಲ, ಉಷ್ಣತೆ ಹೆಚ್ಚಿದರೆ ಅದೂ ಹೆಚ್ಚುತ್ತದೆ ಎಂದು ತಿಳಿಯಿತು. ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಅನಿಲಗಳು ಬಿಸಿಯಾದಷ್ಟೂ ಹರಿವಿಗೆ ಹೆಚ್ಚು ತಡೆ ಒಡ್ಡುತ್ತವೆ. ಎಣ್ಣೆ, ಜೇನು, ಡಾಂಬರಿನಂಥ ದ್ರವಗಳು ಇದಕ್ಕೆ ತದ್ವಿರುದ್ಧ, ಬಿಸಿಯಾದಷ್ಟೂ ತೆಳುವಾಗುತ್ತವೆ. ರಸ್ತೆಯ ಕಷ್ಟವೆಲ್ಲ ಈ ಎರಡನೆಯ ಗುಣದಿಂದಲೇ.

ಸಡಿಲಿಕೆಯ ಕಾಲ

1867ರಲ್ಲಿ ಪ್ರಕಟವಾದ, ಅನಿಲಗಳ ಚಲನೆಯ ಸಿದ್ಧಾಂತದ ಕುರಿತ ದೊಡ್ಡ ಪ್ರಬಂಧದಲ್ಲಿ ಮ್ಯಾಕ್ಸ್‌ವೆಲ್ ಸ್ವಲ್ಪ ನಿಂತು, ಎಲ್ಲ ವಸ್ತುಗಳಿಗೂ ಅನ್ವಯಿಸುವ ಒಂದು ವಿಚಾರವನ್ನು ಮುಂದಿಟ್ಟರು. 18ರ ಹರೆಯದಲ್ಲಿ ಕಲಿತ ಸ್ಥಿತಿಸ್ಥಾಪಕತ್ವ ಮತ್ತು ಅಟ್ಟದ ಮೇಲೆ ಅಳೆದ ಸ್ನಿಗ್ಧತೆ ಇಲ್ಲಿ ಒಂದಾದವು.

ಅವರ ವಿಚಾರದ ಸಾರ ಹೀಗಿದೆ. ಒಂದು ವಸ್ತುವನ್ನು ತಟ್ಟನೆ ಹಿಗ್ಗಿಸಿ ಹಾಗೆಯೇ ಹಿಡಿದಿಟ್ಟರೆ ಅದರೊಳಗೆ ಬಿಗಿತ ಹುಟ್ಟುತ್ತದೆ. ಪೂರ್ಣ ಸ್ಥಿತಿಸ್ಥಾಪಕ ವಸ್ತುವಾದರೆ ಆ ಬಿಗಿತ ಹಾಗೆಯೇ ಉಳಿಯುತ್ತದೆ. ಆದರೆ ಸ್ನಿಗ್ಧತೆಯುಳ್ಳ ವಸ್ತುವಿನಲ್ಲಿ ಅಣುಗಳು ಮೆಲ್ಲಮೆಲ್ಲನೆ ಜಾಗ ಬದಲಿಸಿಕೊಳ್ಳುವುದರಿಂದ ಬಿಗಿತ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲಿದ್ದ ಬಿಗಿತ ನೂರಕ್ಕೆ ಸುಮಾರು 37ರಷ್ಟಕ್ಕೆ ಇಳಿಯಲು ಬೇಕಾಗುವ ಸಮಯವೇ ಸಡಿಲಿಕೆಯ ಕಾಲ. ವಸ್ತುವಿನ ಸ್ನಿಗ್ಧತೆಯನ್ನು ಅದರ ಸ್ಥಿತಿಸ್ಥಾಪಕತೆಯ ಅಳತೆಯಿಂದ ಭಾಗಿಸಿದರೆ ಈ ಕಾಲ ಸಿಗುತ್ತದೆ. ಗಾಳಿಯಲ್ಲಿ ಇದು ಒಂದು ಸೆಕೆಂಡಿನ ಐದುನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ. ನಿಧಾನವಾಗಿ ಹರಿಯುವ ಗಟ್ಟಿ ವಸ್ತುಗಳಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಆಗಬಹುದು.

ಇದರ ಅರ್ಥ ಬಹಳ ದೊಡ್ಡದು. ಸಡಿಲಿಕೆಯ ಕಾಲಕ್ಕಿಂತ ಕಡಿಮೆ ಸಮಯದಲ್ಲಿ ಒತ್ತಿ ಬಿಟ್ಟರೆ ವಸ್ತು ಸ್ಪ್ರಿಂಗಿನಂತೆ ವರ್ತಿಸಿ ಮರಳುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಅದೇ ವಸ್ತು ದ್ರವದಂತೆ ಹರಿದುಬಿಡುತ್ತದೆ, ಮರಳುವುದಿಲ್ಲ. ಇಂಥ ವಸ್ತು ಘನವೋ ದ್ರವವೋ ಎಂದು ಸುಮ್ಮನೆ ಕೇಳಿದರೆ ಉತ್ತರವಿಲ್ಲ. ಎಷ್ಟು ಹೊತ್ತಿನ ಭಾರ, ಎಷ್ಟು ಉಷ್ಣತೆ ಎಂದೂ ಹೇಳಬೇಕು. ಮುಂದೆ ಇಂಜಿನಿಯರರು ಇದನ್ನು ಒಂದು ಸರಳ ಚಿತ್ರವಾಗಿ ಬರೆದುಕೊಂಡರು. ಒಂದು ಸ್ಪ್ರಿಂಗ್, ಅದರ ಕೊನೆಗೆ ಎಣ್ಣೆ ತುಂಬಿದ ಕೊಳವೆಯಲ್ಲಿ ಜಾರುವ ಒಂದು ಪಿಸ್ಟನ್. ಇದಕ್ಕೆ ಮ್ಯಾಕ್ಸ್‌ವೆಲ್ ಮಾದರಿ ಎಂದೇ ಹೆಸರು. ಸಿವಿಲ್, ಮೆಕ್ಯಾನಿಕಲ್ ಓದುವವರು ವಿಸ್ಕೊ-ಇಲಾಸ್ಟಿಕ್ ಎಂಬ ಅಧ್ಯಾಯದಲ್ಲಿ ಇದನ್ನು ನೋಡುತ್ತಾರೆ.

1871ರಲ್ಲಿ ಬರೆದ 'ಥಿಯರಿ ಆಫ್ ಹೀಟ್' ಎಂಬ ಪುಸ್ತಕದಲ್ಲಿ ಅವರು ಸಾಮಾನ್ಯರಿಗೂ ಅರ್ಥವಾಗುವ ಒಂದು ಹೋಲಿಕೆ ಕೊಟ್ಟರು. ಪ್ರಾಣಿಯ ಕೊಬ್ಬಿನ ಮೇಣದಬತ್ತಿ ಮೆತ್ತಗಿರುತ್ತದೆ. ಲಕೋಟೆಗೆ ಮುದ್ರೆ ಒತ್ತುವ ಅರಗಿನ ಕಡ್ಡಿ ಗಟ್ಟಿಯಾಗಿರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಎರಡನ್ನೂ ಎರಡು ಆಧಾರಗಳ ಮೇಲೆ ಅಡ್ಡಲಾಗಿ ಇಟ್ಟು ಬೇಸಿಗೆಯಲ್ಲಿ ಕೆಲವು ವಾರ ಬಿಟ್ಟರೆ, ಗಟ್ಟಿಯಾದ ಅರಗು ತನ್ನದೇ ಭಾರಕ್ಕೆ ಬಾಗಿರುತ್ತದೆ, ಮೆತ್ತನೆಯ ಬತ್ತಿ ನೆಟ್ಟಗಿರುತ್ತದೆ. ಮೆತ್ತಗಿದ್ದರೂ ಬತ್ತಿ ಘನವಸ್ತು, ಗಟ್ಟಿಯಾಗಿದ್ದರೂ ಅರಗು ದ್ರವ. ಡಾಂಬರಿನ ಗಟ್ಟಿಯೂ ಅರಗಿನ ಜಾತಿಗೇ ಸೇರಿದ್ದು.

ಇದು ಕಣ್ಣಾರೆ ಕಾಣುವ ಸತ್ಯ ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಥಾಮಸ್ ಪಾರ್ನೆಲ್ 1927ರಲ್ಲಿ ಆರಂಭಿಸಿದ ಪ್ರಯೋಗವೇ ಸಾಕ್ಷಿ. ಸುತ್ತಿಗೆಯಿಂದ ಹೊಡೆದರೆ ಚೂರಾಗುವ ಡಾಂಬರಿನ ಜಾತಿಯ ವಸ್ತುವನ್ನು ಗಾಜಿನ ಆಲಿಕೆಯಲ್ಲಿಟ್ಟು, 1930ರಲ್ಲಿ ಆಲಿಕೆಯ ತುದಿ ತೆರೆದರು. ಅದು ತೊಟ್ಟಿಕ್ಕುತ್ತಿದೆ, ಆದರೆ ಒಂದು ಹನಿ ಬೀಳಲು ಎಂಟು ಹತ್ತು ವರ್ಷ ಬೇಕು. ಒಂಬತ್ತನೆಯ ಹನಿ ಬೇರ್ಪಟ್ಟದ್ದು 2014ರಲ್ಲಿ.

ರಸ್ತೆಗೆ ಇಳಿದ ಲೆಕ್ಕ

ಮ್ಯಾಕ್ಸ್‌ವೆಲ್ ರಸ್ತೆ ಇಂಜಿನಿಯರ್ ಆಗಿರಲಿಲ್ಲ. ಆದರೆ ಅವರು ಬದುಕಿದ್ದ ಕಾಲದಲ್ಲೇ ನಗರಗಳಿಗೆ ಡಾಂಬರು ಬರತೊಡಗಿತ್ತು. 1870ರಲ್ಲಿ ಅಮೆರಿಕದ ನ್ಯೂವಾರ್ಕ್ ನಗರದಲ್ಲಿ ಎಡ್ವರ್ಡ್ ಡಿ ಸ್ಮೆಡ್ಟ್ ಎಂಬ ರಸಾಯನಶಾಸ್ತ್ರಜ್ಞರು ಅಸ್ಫಾಲ್ಟ್ ರಸ್ತೆ ಹಾಕಿಸಿದರು. ಮೋಟಾರು ವಾಹನಗಳು ಬಂದ ಮೇಲೆ ಇಂಥ ರಸ್ತೆಗಳು ಜಗತ್ತಿನೆಲ್ಲೆಡೆ ಹಬ್ಬಿದವು, ಗಾಲಿಯ ತಗ್ಗುಗಳೂ ಹಬ್ಬಿದವು. ಆಗ ಇಂಜಿನಿಯರರು ಮ್ಯಾಕ್ಸ್‌ವೆಲ್ಲರ ಹಳೆಯ ಪ್ರಬಂಧದ ವಿಚಾರಕ್ಕೆ ಮರಳಬೇಕಾಯಿತು. ಡಚ್ ವಿಜ್ಞಾನಿ ಬರ್ಗರ್ಸ್ 1935ರಲ್ಲಿ ಆ ಮಾದರಿಗೆ ಇನ್ನೊಂದು ಸ್ಪ್ರಿಂಗ್ ಮತ್ತು ಪಿಸ್ಟನ್ ಜೋಡಿ ಸೇರಿಸಿದರು. 1954ರಲ್ಲಿ ವಾನ್ ಡೆರ್ ಪೂಲ್ ಎಂಬವರು, ಎಷ್ಟು ಹೊತ್ತಿನ ಭಾರಕ್ಕೆ ಎಷ್ಟು ಉಷ್ಣತೆಯಲ್ಲಿ ಬಿಟುಮೆನ್ ಎಷ್ಟು ಗಡಸಾಗಿರುತ್ತದೆ ಎಂದು ಓದಿಕೊಳ್ಳುವ ನಕ್ಷೆಯನ್ನೇ ತಯಾರಿಸಿದರು.

ನಾವು ಡಾಂಬರು ಎಂದು ಕರೆಯುವುದು ಇಂದು ಕಚ್ಚಾ ತೈಲ ಶುದ್ಧೀಕರಿಸಿದಾಗ ತಳದಲ್ಲಿ ಉಳಿಯುವ ಬಿಟುಮೆನ್. ರಸ್ತೆಯ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಅದು ನೂರಕ್ಕೆ ಐದರ ಆಸುಪಾಸು. ಉಳಿದದ್ದು ಜಲ್ಲಿ, ಜಲ್ಲಿಪುಡಿ. ಆದರೂ ಆ ಐದು ಪಾಲೇ ಇಡೀ ರಸ್ತೆಯ ನಡತೆಯನ್ನು ನಿರ್ಧರಿಸುತ್ತದೆ. ಮಿಶ್ರಣದ ಮೇಲೆ ಚಕ್ರ ಹಾದಾಗ ಮೂರು ಬಗೆಯ ಬದಲಾವಣೆ ಆಗುತ್ತದೆ. ಒಂದು ಪಾಲು ಚಕ್ರ ದಾಟಿದ ಕೂಡಲೇ ಮರಳುತ್ತದೆ. ಇನ್ನೊಂದು ಪಾಲು ತಡವಾಗಿ ಮರಳುತ್ತದೆ. ಮೂರನೆಯ ಪಾಲು ಮರಳುವುದೇ ಇಲ್ಲ. ಒಂದು ಚಕ್ರ ಉಳಿಸಿ ಹೋಗುವ ಈ ಮೂರನೆಯ ಪಾಲು ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗ ಎಂದೇ ಇಟ್ಟುಕೊಳ್ಳಿ. ಹತ್ತು ಲಕ್ಷ ಚಕ್ರಗಳು ಹಾದಾಗ ಅದು 10 ಮಿಲಿಮೀಟರಿನ ತಗ್ಗಾಗುತ್ತದೆ.

ಈಗ ಸಮಯದ ಲೆಕ್ಕ ನೋಡೋಣ. ಲಾರಿಯ ಟೈರು ನೆಲಕ್ಕೆ ತಾಗುವ ಉದ್ದ ಸುಮಾರು 25 ಸೆಂಟಿಮೀಟರ್ ಎಂದುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿ ರಸ್ತೆಯ ಒಂದು ಬಿಂದುವನ್ನು ಒತ್ತುವುದು ಸೆಕೆಂಡಿನ ಸಾವಿರದಲ್ಲಿ 15 ಭಾಗ ಮಾತ್ರ. ನಿಲ್ದಾಣದಲ್ಲಿ ಬಸ್ಸು 30 ಸೆಕೆಂಡು ನಿಂತರೆ ಒತ್ತುವ ಸಮಯ ಅದರ 2000 ಪಟ್ಟು. ವೇಗದ ಚಕ್ರದಡಿ ಸ್ಪ್ರಿಂಗಿನಂತಿದ್ದ ಡಾಂಬರು ನಿಂತ ಚಕ್ರದಡಿ ದ್ರವವಾಗುತ್ತದೆ. ಬಸ್ ನಿಲ್ದಾಣ, ಸಿಗ್ನಲ್, ಘಾಟಿಯ ಏರುಗಳಲ್ಲಿ ತಗ್ಗು ಹೆಚ್ಚಾಗುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನು ಉಷ್ಣತೆ. ಭಾರತೀಯ ಮಾನಕ ಸಂಸ್ಥೆಯ 2006ರ ಐ.ಎಸ್. 73 ಮಾನಕದ ನಂತರ ನಮ್ಮಲ್ಲಿ ಬಿಟುಮೆನ್ನನ್ನು ಸ್ನಿಗ್ಧತೆಯ ಆಧಾರದಲ್ಲೇ ವಿಂಗಡಿಸಲಾಗುತ್ತಿದೆ. ಅದರಲ್ಲಿ ವಿ.ಜಿ.-30 ಎಂಬ ದರ್ಜೆ ಬಹಳ ಬಳಕೆಯಲ್ಲಿದೆ. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ ಕನಿಷ್ಠ 2400 ಪಾಯ್ಸ್ ಇರಬೇಕು. 135 ಡಿಗ್ರಿಯಲ್ಲಿ ಇರಬೇಕಾದ ಕನಿಷ್ಠ ಮಟ್ಟ ಸುಮಾರು ಮೂರೂವರೆ ಪಾಯ್ಸ್ ಮಾತ್ರ. ಅಂದರೆ 75 ಡಿಗ್ರಿ ಏರುವಷ್ಟರಲ್ಲಿ ಅದು ಸುಮಾರು 700 ಪಟ್ಟು ತೆಳುವಾಗುತ್ತದೆ. ಬಿಸಿ ಮಾಡಿ ಜಲ್ಲಿಯೊಂದಿಗೆ ಕಲಸಲು ಸಾಧ್ಯವಾಗುವುದು ಈ ಗುಣದಿಂದಲೇ. ಬಿಸಿಲಿಗೆ ರಸ್ತೆ ಸೋಲುವುದೂ ಈ ಗುಣದಿಂದಲೇ. 60 ಡಿಗ್ರಿಯನ್ನು ಆರಿಸಿಕೊಂಡದ್ದೂ ಸುಮ್ಮನೆ ಅಲ್ಲ. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ದಾಟಿದಾಗ ಕಪ್ಪು ರಸ್ತೆಯ ಮೇಲ್ಮೈ 60 ಡಿಗ್ರಿಯನ್ನೂ ಮೀರಬಹುದು. ಅಂಥ ಕಡೆ, ಭಾರೀ ವಾಹನಗಳಿರುವ ಕಡೆ, ಇನ್ನೂ ಗಡಸಾದ ವಿ.ಜಿ.-40 ಅಥವಾ ಪಾಲಿಮರ್ ಬೆರೆಸಿದ ಬಿಟುಮೆನ್ ಬೇಕಾಗುತ್ತದೆ. ಹಾಗೆಂದು ಎಲ್ಲೆಡೆ ಅತಿ ಗಡಸು ಡಾಂಬರು ಹಾಕಿದರೂ ಆಗದು. ಚಳಿಪ್ರದೇಶದಲ್ಲಿ ಅದು ಸಡಿಲಗೊಳ್ಳಲಾರದೆ ಬಿರುಕು ಬಿಡುತ್ತದೆ.

ಮೂರನೆಯದು ಭಾರ. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಲ್ಲಿ, ಆಕ್ಸಲ್ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಸುಮಾರಾಗಿ ಅದರ ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ ಎಂದು ಕಂಡುಬಂತು. ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು, ಎರಡು ಪಟ್ಟಾದರೆ ಹಾನಿ 16 ಪಟ್ಟು. 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆ ಕಡೆಯ ರಸ್ತೆಗಳು ಮಿತಿಮೀರಿ ತುಂಬಿದ ಅದಿರು ಲಾರಿಗಳ ಅಡಿಯಲ್ಲಿ ಏನಾದವು ಎಂಬುದು ನಮ್ಮ ರಾಜ್ಯದವರಿಗೆ ಗೊತ್ತೇ ಇದೆ. ಹೆಚ್ಚು ತುಂಬಿಸಿ ಒಂದು ಟ್ರಿಪ್ಪಿನ ಡೀಸೆಲ್ ಉಳಿಸಿದವರ ಲಾಭಕ್ಕೆ ಇಡೀ ಊರು ದಂಡ ಕಟ್ಟುತ್ತದೆ.

ಆದ್ದರಿಂದ ರಸ್ತೆ ಹಾಳಾದಾಗ ಡಾಂಬರು ಕಡಿಮೆ ಹಾಕಿದ್ದಾರೆ ಎಂದು ಮಾತ್ರ ದೂರುವುದು ಸರಿಯಲ್ಲ. ಡಾಂಬರು ಹೆಚ್ಚಾದರೂ ಜಲ್ಲಿಗಳು ಒಂದರ ಮೇಲೊಂದು ಕಚ್ಚಿ ನಿಲ್ಲದೆ ಜಾರಿ ತಗ್ಗು ಬೀಳುತ್ತದೆ. ಆ ಜಾಗದ ಬಿಸಿಲಿಗೆ, ವಾಹನದ ವೇಗಕ್ಕೆ, ಭಾರಕ್ಕೆ ತಕ್ಕ ಮಿಶ್ರಣವನ್ನು ಪರೀಕ್ಷಿಸಿ ಹಾಕಿದ್ದಾರೆಯೇ ಎಂದು ಕೇಳಬೇಕು. ಹಾಗೆ ಕೇಳಬಲ್ಲ ನಾಗರಿಕರು, ಉತ್ತರಿಸಬಲ್ಲ ಇಂಜಿನಿಯರರು ನಮ್ಮಲ್ಲಿ ತಯಾರಾಗಬೇಕು.

ಕೊನೆಯ ವರ್ಷಗಳು

1865ರಲ್ಲಿ ಲಂಡನ್ನಿನ ಹುದ್ದೆ ಬಿಟ್ಟು ಮ್ಯಾಕ್ಸ್‌ವೆಲ್ ಗ್ಲೆನ್‌ಲೇರ್‌ಗೆ ಮರಳಿದ್ದರು. ಸಡಿಲಿಕೆಯ ಕಾಲದ ಪ್ರಬಂಧ ಪ್ರಕಟವಾದಾಗ ಅವರು ಹಳ್ಳಿಯ ಜಮೀನು ನೋಡಿಕೊಳ್ಳುತ್ತಾ ಬರೆಯುತ್ತಿದ್ದವರು. 1871ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಹೊಸ ಪ್ರಯೋಗಶಾಲೆಯ ಹೊಣೆ ವಹಿಸಿಕೊಳ್ಳಲು ಅವರನ್ನು ಕರೆಯಿತು. 1874ರಲ್ಲಿ ತೆರೆದ ಕ್ಯಾವೆಂಡಿಶ್ ಪ್ರಯೋಗಶಾಲೆ ಅವರ ಮೇಲ್ವಿಚಾರಣೆಯಲ್ಲೇ ಕಟ್ಟಲ್ಪಟ್ಟಿತು. ದೊಡ್ಡ ಪ್ರೊಫೆಸರ್ ಆಗಿದ್ದರೂ ಅಹಂಕಾರ ಅವರ ಹತ್ತಿರ ಸುಳಿಯಲಿಲ್ಲ. ಅಬರ್ಡೀನ್‌ನಲ್ಲೂ ಲಂಡನ್ನಿನಲ್ಲೂ ದಿನವಿಡೀ ದುಡಿದು ಬರುವ ಕಾರ್ಮಿಕರಿಗೆ ಸಂಜೆ ಪಾಠ ಮಾಡಿದವರು ಅವರು. ಕ್ಯಾಥರೀನ್ ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಹಾಸಿಗೆಯ ಪಕ್ಕದಲ್ಲಿ ಕುಳಿತು ಆರೈಕೆ ಮಾಡಿ, ಹಗಲು ಪ್ರಯೋಗಶಾಲೆಗೆ ಬರುತ್ತಿದ್ದರು. ಸಿಡುಬಿನ ದಿನಗಳಲ್ಲಿ ಪತ್ನಿ ಮಾಡಿದ ಸೇವೆಯನ್ನು ಹೀಗೆ ಹಿಂದಿರುಗಿಸಿದರು.

ತಾಯಿಯನ್ನು ಕೊಂಡೊಯ್ದ ಕಾಯಿಲೆಯೇ ಅವರಿಗೂ ಬಂತು. 1879ರ ನವೆಂಬರ್ 5ರಂದು, ಕೇವಲ 48ನೇ ವಯಸ್ಸಿನಲ್ಲಿ, ಕೇಂಬ್ರಿಜ್‌ನಲ್ಲಿ ನಿಧನರಾದರು. ಗ್ಲೆನ್‌ಲೇರ್ ಸಮೀಪದ ಪಾರ್ಟನ್ ಎಂಬ ಹಳ್ಳಿಯಲ್ಲಿ ತಂದೆ ತಾಯಿಯ ಬಳಿಯೇ ಅವರ ಸಮಾಧಿ ಇದೆ. ಅವರು ಲೆಕ್ಕದಲ್ಲಿ ಕಂಡ ವಿದ್ಯುತ್ಕಾಂತೀಯ ಅಲೆಗಳನ್ನು ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಪ್ರಯೋಗದಲ್ಲಿ ತೋರಿಸುವ ಹೊತ್ತಿಗೆ ಅವರು ತೀರಿಕೊಂಡು ಎಂಟು ವರ್ಷ ದಾಟಿತ್ತು. ಸಡಿಲಿಕೆಯ ಕಾಲದ ವಿಚಾರ ರಸ್ತೆಗೆ ಇಳಿಯಲಂತೂ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು.

ವಿದ್ಯಾರ್ಥಿಗಳಿಗೆ ಒಂದು ಮಾತು

ಈ ಬದುಕಿನಿಂದ ಕಲಿಯುವುದು ಬಹಳಷ್ಟಿದೆ. ತಾಯಿಯಿಲ್ಲದ, ಗೇಲಿಗೆ ಒಳಗಾದ ಹುಡುಗ ಓದನ್ನು ಬಿಡಲಿಲ್ಲ. ಕೆಲಸ ಹೋದಾಗ, ರೋಗ ಬಂದಾಗ ಎದೆಗುಂದಲಿಲ್ಲ. ಬೆಲೆಬಾಳುವ ಉಪಕರಣ ಇಲ್ಲವೆಂದು ಕೈಕಟ್ಟಿ ಕೂರಲಿಲ್ಲ. ಗುಂಡುಸೂಜಿ, ದಾರ, ಕಿಟಕಿಯ ಗಾಜು, ಜೆಲ್ಲಿ, ಕೆಟ್ಲಿ, ಇವುಗಳಲ್ಲೇ ವಿಜ್ಞಾನ ಮಾಡಿದರು. ನಮ್ಮ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರು ಮಾರ್ಷಲ್ ಪರೀಕ್ಷೆಗೆ ಡಾಂಬರಿನ ಬಿಲ್ಲೆಯನ್ನು 60 ಡಿಗ್ರಿಯ ನೀರಿನಲ್ಲಿ ಮುಳುಗಿಸುವಾಗ, ಆ ಉಷ್ಣತೆ ಏಕೆ ಎಂದು ಅಧ್ಯಾಪಕರನ್ನು ಕೇಳಲಿ. ಶಾಲಾ ಮಕ್ಕಳು ಒಂದು ಅರಗಿನ ಕಡ್ಡಿಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು, ಬೇಸಿಗೆ ರಜೆಯುದ್ದಕ್ಕೂ ದಿನಾಂಕ ಹಾಕಿ ಅದು ಎಷ್ಟು ಬಾಗಿತೆಂದು ಅಳೆದು ಬರೆದಿಡಲಿ. ರಜೆ ಮುಗಿದು ಶಾಲೆಗೆ ಹೋಗುವಾಗ ಆ ಪಟ್ಟಿಯನ್ನು ವಿಜ್ಞಾನದ ಮೇಷ್ಟ್ರಿಗೆ ತೋರಿಸಲಿ.